ಯಾತಕ್ಕೆ ಅಂತ ಹೇಳಬೇಡಿ

ಕೇಳಿದ ಪುಸ್ತಕವನ್ನು ಕೇಳಿದವರಿಗೆ ಕೊಟ್ಟು ನಮ್ಮಪ್ಪನಿಗೆ ಅಭ್ಯಾಸವೇ ಇರಲಿಲ್ಲ. ಜೋಗುಪಾಳ್ಯದ ಆ ಬಾಡಿಗೆ ಮನೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕೋಣೆ. ಮುಂದಿನದು ಅಪ್ಪನ ಪುಸ್ತಕಗಳಿಗೆ, ನಡುವಿನದು ಅಮ್ಮನ ಹೊಲಿಗೆ ಮಿಷನ್ನಿಗೆ, ಹಿಂದಿನದು ಒಲೆಗೂ ದೇವರಿಗೂ. ನಾವು ಮೂವರು ಮಲಗುತ್ತಿದ್ದುದು ನಡುವಿನ ಕೋಣೆಯಲ್ಲಿ, ಮಿಷನ್ನನ್ನು ಗೋಡೆಗೆ ತಳ್ಳಿ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡು. ಮುಂದಿನ ಕೋಣೆಯಲ್ಲಿ ಹಾಸಿಗೆ ಬಿಡಿಸುವ ಮಾತೆತ್ತಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಪುಸ್ತಕಗಳಿಗೆ ಗಾಳಿಯಾಡಬೇಕಂತೆ. ನಮಗೆ ಬೇಡವೇನೋ! ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಡಿದು ಮಾಡಿದ ಕಪಾಟುಗಳು ಮೂರು ಗೋಡೆಗೂ ಸೂರಿನವರೆಗೆ ನಿಂತಿದ್ದವು. ಅವುಗಳಲ್ಲಿ ಇದ್ದದ್ದು ಇತಿಹಾಸ, ರಾಜಕೀಯ, ಅರ್ಥಶಾಸ್ತ್ರ, ಅಷ್ಟೇ. ಕಾದಂಬರಿ ಒಂದೂ ಇರಲಿಲ್ಲ, ಭವಿಷ್ಯ ಹೇಳುವ ಪುಸ್ತಕಗಳಂತೂ ಹೊಸಿಲು ದಾಟುತ್ತಿರಲಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಿಗೆ ತೂಕದ ಲೆಕ್ಕದಲ್ಲಿ ಬಂದವನ್ನು ಆರಿಸಿ ತಂದು, ಹರಿದ ಬೆನ್ನಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ ಒಣಗಲು ಇಡುತ್ತಿದ್ದರು. ನಮ್ಮ ಮನೆಯ ಎಷ್ಟೋ ಅರ್ಥಶಾಸ್ತ್ರದ ಪುಸ್ತಕಗಳ ಬೆನ್ನ ಮೇಲೆ ಲಕ್ಷ್ಮಿಯ ಅರ್ಧ ಮುಖ ಇರುತ್ತಿತ್ತು.

ಅಪ್ಪ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಸಂಜೆ ಬಂದು, ಮುಖ ತೊಳೆದು, ಹಣೆಗೆ ವಿಭೂತಿ ಎಳೆದು, ಕಾಫಿ ಕುಡಿದು, ಮುಂದಿನ ಕೋಣೆಯ ಬಾಗಿಲು ತೆರೆಯುತ್ತಿದ್ದರು. ಭಾನುವಾರ ಬೆಳಗ್ಗೆ ತಿಂಡಿಯಾದ ಕೂಡಲೇ ತೆರೆಯುತ್ತಿದ್ದರು. ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ, ರಿಜಿಸ್ಟರೂ ಇಲ್ಲ. ಬರುವವರು ದೊಡ್ಡ ಓದುಗರೇನಲ್ಲ. ಹಲಸೂರಿನ ಸೈಕಲ್ ಅಂಗಡಿಯವರು, ಬೆನ್ಸನ್ ಟೌನಿನ ಯಾವುದೋ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬರು, ರಿಟೈರ್ಡ್ ಕಂಡಕ್ಟರ್, ಇಂಥವರೇ. ತಲೆಯೊಳಗೆ ಹೊಕ್ಕ ಒಂದು ಪ್ರಶ್ನೆಯ ಕಾಟ ತಡೆಯಲಾರದವರೆಲ್ಲ ಹೇಗೋ ವಿಳಾಸ ಹುಡುಕಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಶಿವಾಜಿನಗರದಲ್ಲಿ ಟ್ರಂಕಿನ ಅಂಗಡಿ ಇಟ್ಟಿದ್ದ ಬಶೀರ್ ಸಾಹೇಬರು ಮೊದಲ ಸಲ ಬಂದಾಗ ಟೋಪಿ ತೆಗೆದು ಬೆವರು ಒರೆಸಿಕೊಂಡು ಕೇಳಿದ್ದು ನನಗೆ ಈಗಲೂ ನೆನಪಿದೆ.

"ಸಾರ್, ಮೇರೆಕು ಏಕ್ ಡೌಟ್ ಹೈ. ನೋಟು ಪ್ರಿಂಟ್ ಮಾಡೋ ಮಿಷನ್ ಗೌರ್ಮೆಂಟ್ ಹತ್ರಾನೇ ಇದೆ. ಮತ್ತೆ ಗೌರ್ಮೆಂಟ್ ಯಾಕೆ ಸಾಲ ಮಾಡುತ್ತೆ?"

ಅಪ್ಪ ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. ಪೂಜೆಯಲ್ಲೂ ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನ ಹಳೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು 'ದಾರಿ' ಬರೆದರು. ದಾರಿ ಎಂದರೆ ನಾಲ್ಕೈದು ಪುಸ್ತಕಗಳ ಒಂದು ಸಾಲು. ಮೊದಲು ಸಣ್ಣದು, ಆಮೇಲೆ ಅದರ ಮೇಲೆ ಜಗಳಕ್ಕೆ ಬರುವಂಥದು, ಆಮೇಲೆ ಇಬ್ಬರಿಗೂ ಬೈಯುವಂಥದು. ಎಲ್ಲಿಂದ ಶುರು ಮಾಡಬೇಕು, ಯಾವ ಅಧ್ಯಾಯ ಬಿಟ್ಟರೆ ನಷ್ಟವಿಲ್ಲ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಪುಸ್ತಕಗಳು ಯಾವಾಗಲೂ ಎರಡೆರಡೇ ಹೋಗಬೇಕು, ಒಂದನ್ನೊಂದು ಒಪ್ಪದ ಜೋಡಿ, ಸೆಣಬಿನ ದಾರದಲ್ಲಿ ಕಟ್ಟಿ. ಓದಿ ಬಂದು ಏನು ತಿಳಿಯಿತು ಎಂದು ಹೇಳಿದ ಮೇಲೇ ಮುಂದಿನ ಜೋಡಿ. "ಅರ್ಧ ತಿಳ್ಕೊಂಡು ಬಾಯಿ ಬಿಡಬಾರದು" ಎನ್ನುವುದು ಅಪ್ಪನ ಮಾತು. ದಿನಕ್ಕೆ ನಾಲ್ಕು ಸಲವಾದರೂ ಅದು ಬೀಳುತ್ತಿತ್ತು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನಾನು ಹೇಳಿದಾಗಲೂ.

ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಬಂದವರು ಯಾತಕ್ಕೆ ಬೇಕು ಎಂದು ಹೇಳುವ ಹಾಗಿಲ್ಲ. ಏನು ಗೊತ್ತಿಲ್ಲವೋ ಅದನ್ನಷ್ಟೇ ಹೇಳಬೇಕು. ಪರೀಕ್ಷೆಗೆ ಎಂದು ಬಂದ ಕಾಲೇಜು ಹುಡುಗನನ್ನು "ಹಾಗಾದ್ರೆ ಗೈಡ್ ತಗೊಳ್ಳಪ್ಪ" ಎಂದು ವಾಪಸ್ಸು ಕಳಿಸಿದ್ದರು. ಎಲೆಕ್ಷನ್ ಭಾಷಣಕ್ಕೆ ನಾಲ್ಕು ಮಾತು ಬೇಕೆಂದು ಬಂದ ವಾರ್ಡಿನ ಮುಖಂಡನಿಗೆ ಕಾಫಿಯೂ ಸಿಗಲಿಲ್ಲ. ಈ ಹಟ ಎಲ್ಲಿಂದ ಬಂತು ಎಂಬುದು ನನಗೆ ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಸ್ಟೋರ್ಸಿನಲ್ಲಿ ಒಂದು ಬೋಲ್ಟು ಬೇಕಾದರೂ ಇಂಡೆಂಟ್ ಬರೆಯಬೇಕು, ಅದರಲ್ಲಿ 'ಯಾವ ಉದ್ದೇಶಕ್ಕೆ' ಎಂಬ ಒಂದು ಕಾಲಂ. ಆ ಕಾಲಂ ತುಂಬಿಲ್ಲದಿದ್ದರೆ ವಾಪಸ್ಸು. ಇಪ್ಪತ್ತು ವರ್ಷ ಆ ಕಾಲಂ ನೋಡಿ ನೋಡಿ ಅಪ್ಪನಿಗೆ ವಾಕರಿಕೆ ಬಂದಿರಬೇಕು. ತಮ್ಮ ಮನೆಯ ಹತ್ತಡಿ ಜಾಗದಲ್ಲಾದರೂ ಅದು ಬೇಡ ಎಂದು ತೀರ್ಮಾನಿಸಿದ್ದರು. ನಡುವಿನ ಕೋಣೆಯಲ್ಲಿ ಅಮ್ಮನ ವ್ಯವಹಾರ ಇದಕ್ಕೆ ತದ್ವಿರುದ್ಧ. ಬ್ಲೌಸ್ ಪೀಸ್ ಹಿಡಿದು ಬಂದ ಹೆಂಗಸರನ್ನು ಕೂರಿಸುವ ಮೊದಲೇ ಕೇಳುತ್ತಿದ್ದಳು.

"ಯಾತಕ್ಕಮ್ಮಾ, ಮದುವೆಗಾ ದಿನಬಳಕೆಗಾ? ಯಾವತ್ತಿಗೆ ಬೇಕು?"

ಒಂದೇ ಮನೆಯಲ್ಲಿ ಒಂದು ಪರದೆಯ ಈಚೆ ಆಚೆ ಈ ಎರಡೂ ನಡೆಯುತ್ತಿದ್ದವು. ಅಮ್ಮನ ಮಿಷನ್ನಿನಿಂದ ಅಕ್ಕಿ ಬರುತ್ತಿತ್ತು, ಅಪ್ಪನ ಕೋಣೆಯಿಂದ ಧೂಳು ಬರುತ್ತಿತ್ತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ಪರದೆಯ ಆಚೆಯಿಂದ ಹೇಳುತ್ತಿದ್ದಳು, ಬಂದವರಿಗೂ ಕೇಳುವ ಹಾಗೆ. ಹಾಗೆಂದು ಅವಳು ಯಾರಿಗೂ ಕಾಫಿ ತಪ್ಪಿಸಿದವಳಲ್ಲ. ಆ ಮುಖಂಡನೊಬ್ಬನನ್ನು ಬಿಟ್ಟು.

ನನಗೂ ಒಂದು ಕೆಲಸವಿತ್ತು. ವಾಪಸ್ಸು ಬಂದ ಪುಸ್ತಕವನ್ನು ತಲೆಕೆಳಗು ಹಿಡಿದು ಒದರಬೇಕು, ಉದುರಿದ್ದನ್ನು ಒಂದು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಬೇಕು. ಬಸ್ ಟಿಕೆಟ್ಟು, ಡಾಕ್ಟರ ಚೀಟಿ, ಲಗ್ನಪತ್ರಿಕೆ, ಒಣಗಿದ ಬಿಲ್ವಪತ್ರೆ. ಕಳಕೊಂಡವರು ಕೇಳಿಕೊಂಡು ಬಂದರೆ ಡಬ್ಬಿಯನ್ನು ಅವರ ಮುಂದೆ ಇಡುವುದು. ಆದರೆ ಓದುವಂತಿಲ್ಲ. ಇನ್ನೊಬ್ಬರ ಕಾಗದ ಓದುವುದು ಇನ್ನೊಬ್ಬರ ಎಲೆಗೆ ಕೈ ಹಾಕಿ ತಿಂದಂತೆ, ಎನ್ನುತ್ತಿದ್ದರು ಅಪ್ಪ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಆ ಕಂಡಕ್ಟರ ಪುಸ್ತಕದಿಂದ ಬಿದ್ದ ಚೀಟಿಯನ್ನು ನಾನು ನಾಟಕದ ಹಾಗೆ ಗಟ್ಟಿಯಾಗಿ ಓದಿಬಿಟ್ಟಿದ್ದೆ. ಅದು ಅವರ ಹೆಂಡತಿ ತವರಿನಿಂದ ಬರೆದದ್ದು, ಏನೇನೋ ಇತ್ತು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಪಕ್ಕಕ್ಕೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಉಪ್ಪಿನಕಾಯಿಯನ್ನು ನನ್ನನ್ನು ದಾಟಿಸಿ ಅಮ್ಮನಿಗೆ ಕೊಟ್ಟರು. ಆ ನಾಲ್ಕು ದಿನಕ್ಕೆ ನಾನು ಇವತ್ತಿಗೂ ಹೆದರುತ್ತೇನೆ.

ಮುನಿರಾಜಣ್ಣ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಒಂದು ಭಾನುವಾರ. ಕೆ.ಆರ್. ಪುರಂ ಆಚೆಯ ಹಳ್ಳಿಯವರು. ಬಿಳಿ ಪಂಚೆ, ಕಾಲರು ಸವೆದ ಶರ್ಟು, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಚಪ್ಪಲಿಯನ್ನು ಬಾಗಿಲಲ್ಲಲ್ಲ, ಮೋರಿಯ ಆಚೆ ಬಿಟ್ಟು ಬಂದರು. ಬೆಂಚಿನ ತುದಿಯಲ್ಲಿ ಕೂತು ಬಹಳ ಹೊತ್ತು ಕಪಾಟುಗಳನ್ನು ನೋಡಿದರು.

"ಸಾರ್, ನಾನು ನಾಲ್ಕನೇ ಕ್ಲಾಸು. ಕೂಡಿಸಿ ಕೂಡಿಸಿ ಓದ್ತೀನಿ. ಒಂದು ಕೇಳ್ಬೇಕಿತ್ತು."

"ಕೇಳಿ. ಏನು ಗೊತ್ತಿಲ್ಲ?"

"ಭೂಮಿ ಮೊದಲು ಯಾರ್ದೂ ಅಲ್ಲ. ನಮ್ಮಜ್ಜ ಉತ್ತ, ನಮ್ದಾಯ್ತು. ಅದು ಸರಿ. ಸರ್ಕಾರದವ್ರು ಉಳಲಿಲ್ಲ, ಬಿತ್ತಲಿಲ್ಲ. ಅವರ್ದು ಹೆಂಗಾಯ್ತು ಸಾರ್? ಅವರಿಗೆ ಯಾರು ಕೊಟ್ರು?"

ಅಪ್ಪ ಕೂತಿದ್ದವರು ಎದ್ದು ನಿಂತುಬಿಟ್ಟರು. "ಕೇಳಿದೆಯಾ, ಕೇಳಿದೆಯಾ" ಎಂದು ಪರದೆಯ ಕಡೆ ತಿರುಗಿ ಅಮ್ಮನನ್ನು ಕೂಗಿದರು. ಅಮ್ಮ ಯಾರದೋ ತೋಳಿನ ಅಳತೆಯಲ್ಲಿ ಮುಳುಗಿದ್ದಳು. ಅಷ್ಟು ವರ್ಷಗಳಲ್ಲಿ ಯಾರೂ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿರಲಿಲ್ಲವಂತೆ. ಕಪಾಟಿನಿಂದ ಕಪಾಟಿಗೆ ಓಡಾಡಿ, ಸ್ಟೂಲು ಹತ್ತಿ ಇಳಿದು, ಅಪ್ಪ ತಮ್ಮ ಜೀವನದ ಅತಿ ಉದ್ದದ ದಾರಿ ಬರೆದರು. ಸಂಸ್ಥಾನದ ಕಾಲದ ಕಂದಾಯದ ಬಗ್ಗೆ ಒಂದು, ಬ್ರಿಟಿಷರು ಅಳತೆ ಮಾಡಿ ಕಲ್ಲು ನೆಟ್ಟದ್ದರ ಬಗ್ಗೆ ಒಂದು, ಇಂಗ್ಲೆಂಡಿನಲ್ಲಿ ದೊಡ್ಡವರು ಊರ ಗೋಮಾಳಕ್ಕೆ ಬೇಲಿ ಹಾಕಿಕೊಂಡದ್ದರ ಬಗ್ಗೆ ಒಂದು, ಹೀಗೆ ಎಂಟು ಪುಸ್ತಕ, ನಾಲ್ಕು ಜೋಡಿ. ಮುನಿರಾಜಣ್ಣ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಶರ್ಟಿನ ಜೇಬಿಗೆ ಕೈ ಹಾಕಿ, ಮಡಿಸಿದ ಒಂದು ಕಾಗದ ತೆಗೆಯಲು ಹೋದರು.

"ಸಾರ್, ಯಾಕೆ ಕೇಳ್ದೆ ಅಂದ್ರೆ, ನಮ್ಗೆ ಒಂದು ಪೇಪರ್ರು..."

"ಬೇಡ, ಬೇಡ. ಯಾತಕ್ಕೆ ಅಂತ ಹೇಳ್ಬೇಡಿ ಮುನಿರಾಜಣ್ಣ. ಇಲ್ಲಿ ಅದೊಂದು ಬೇಡ. ಇಂಥ ಪ್ರಶ್ನೆಗೆ ಕಾರಣ ಬೇಕಾ?"

ಮುನಿರಾಜಣ್ಣ ಕಾಗದವನ್ನು ವಾಪಸ್ಸು ಜೇಬಿಗಿಟ್ಟುಕೊಂಡರು. ಅವರ ಮುಖದಲ್ಲಿ ಒಂದು ಥರದ ಸಂಕೋಚ ಇತ್ತು. ದೊಡ್ಡವರ ಮನೆಯಲ್ಲಿ ತಪ್ಪು ಮಾತಾಡಿಬಿಟ್ಟೆನೇನೋ ಎಂಬ ಸಂಕೋಚ. ನಮ್ಮದು ದೊಡ್ಡವರ ಮನೆಯಂತೆ! ಮೂರು ಕೋಣೆ, ಒಂದು ನಲ್ಲಿ.

ಎರಡು ವಾರ ಬಿಟ್ಟು ಮೊದಲ ಜೋಡಿಯನ್ನು ಮುಗಿಸಿಕೊಂಡು ಬಂದರು. ಅಪ್ಪನ ಮುಂದೆ ಕೂತು, ಪಾಠ ಒಪ್ಪಿಸುವ ಮಗುವಿನ ಹಾಗೆ ಬೆರಳು ಮಡಚುತ್ತ ಹೇಳಿದರು. ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಎರಡನೇ ಜೋಡಿ ಕಟ್ಟಿಸಿಕೊಂಡು ಅವರು ಹೋದ ಮೇಲೆ ನಾನು ಹಳೆಯ ಜೋಡಿಯನ್ನು ಒದರಿದೆ. ಆ ಮಡಿಸಿದ ಕಾಗದ ಬಿತ್ತು, ಬೀಳುವಾಗಲೇ ಬಿಚ್ಚಿಕೊಂಡಿತು. ಪುಟದ ಗುರುತಿಗೆ ಇಟ್ಟುಕೊಂಡವರು ಮರೆತಿದ್ದರು. ಅಪ್ಪ ಬಚ್ಚಲಲ್ಲಿದ್ದರು. ನಾನು ಓದಿದೆ. ಓದಬಾರದು ಎಂದು ಗೊತ್ತಿದ್ದೇ ಓದಿದೆ. ಅಪ್ಪನನ್ನು ಅಷ್ಟು ಸಂತೋಷಪಡಿಸಿದ ಮನುಷ್ಯನ ಕಾಗದದಲ್ಲಿ ಏನಿದೆ ಎಂಬ ಕೆಟ್ಟ ಕುತೂಹಲ ನನಗೆ. ಅದು ಸರ್ಕಾರಿ ನೋಟೀಸು. ಸರ್ವೆ ನಂಬರು, ಮುನಿರಾಜಣ್ಣನ ಹೆಸರು, ಅವರ ತಂದೆಯ ಹೆಸರು. ಬಡಾವಣೆಗಾಗಿ ಈ ಜಮೀನು ಬೇಕಾಗಿದೆ, ತಕರಾರು ಇದ್ದವರು ಈ ತಾರೀಖಿನಿಂದ ಮೂವತ್ತು ದಿನಗಳ ಒಳಗೆ ಬರೆದು ಕೊಡಬೇಕು ಎಂದು ಇತ್ತು. ನನಗೆ ಎಲ್ಲ ಅರ್ಥವಾಗಲಿಲ್ಲ, ಆದರೆ ಲೆಕ್ಕ ಅರ್ಥವಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ಹನ್ನೊಂದು ದಿನ ಉಳಿದಿತ್ತು. ಬರುವ ವಾರ ಅಲ್ಲ, ಅದರಾಚೆಯ ಗುರುವಾರ. ಬಚ್ಚಲ ಬಾಗಿಲಿನ ಚಿಲಕ ಸದ್ದಾಯಿತು. ಕಾಗದವನ್ನು ಹೇಗಿತ್ತೋ ಹಾಗೆ ಮಡಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಕೇಳಿಕೊಂಡಷ್ಟು ಸಲ ಬೇರೆ ಯಾವುದನ್ನೂ ಕೇಳಿಕೊಂಡಿಲ್ಲ. ಹೇಳಿದರೆ ಓದಿದ್ದು ಗೊತ್ತಾಗುತ್ತದೆ. ಗೊತ್ತಾದರೆ ನಾಲ್ಕು ದಿನ ಅಲ್ಲ, ಈ ಸಲ ಎಷ್ಟು ದಿನವೋ. ಅವರ ಕಾಗದ ಅವರಿಗೆ ಗೊತ್ತಿರುವುದಿಲ್ಲವೇ, ಓದಿಯೇ ತಾನೇ ಜೇಬಿನಲ್ಲಿಟ್ಟುಕೊಂಡಿದ್ದು, ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ. ಮುಂದಿನ ಭಾನುವಾರ ಅವರು ಮತ್ತೆ ಬಂದರು, ಒಂದು ಪುಟ ಅರ್ಥವಾಗಲಿಲ್ಲ ಎಂದು ಕೇಳುವುದಕ್ಕೆ. ಇನ್ನು ನಾಲ್ಕು ದಿನ ಇತ್ತು. ಕಾಫಿ ಲೋಟ ಕೊಟ್ಟು ನಾನು ಅಲ್ಲೇ ನಿಂತೆ.

"ಮುನಿರಾಜಣ್ಣ, ಡಬ್ಬಿ ನೋಡ್ತೀರಾ? ನಿಮ್ಮದೇನಾದ್ರೂ ಇರಬಹುದು."

"ಡಬ್ಬೀಲಿ ಏನೈತೆ ಅಮ್ಮಣ್ಣಿ? ಬಿಸ್ಕತ್ತಾ?" ಎಂದು ಅವರು ನಕ್ಕರು.

"ಪುಸ್ತಕದ ಮಾತಿನ ಮಧ್ಯೆ ಇಂಥದ್ದೆಲ್ಲ ತರಬೇಡ, ಒಳಗೆ ಹೋಗು," ಎಂದರು ಅಪ್ಪ.

ನಾನು ಒಳಗೆ ಹೋದೆ. ಹೋಗುವಾಗ ನನಗೆ ಎಷ್ಟು ನಿರಾಳವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಕೈಲಾದದ್ದು ಮಾಡಿದೆ, ದೊಡ್ಡವರೇ ಬೇಡ ಅಂದರು, ಇನ್ನು ನನಗೇನು! ಆ ಗುರುವಾರ ಬಂತು. ಸ್ಕೂಲಿನಲ್ಲಿ ಡ್ರಿಲ್ ಪಿರಿಯಡ್ ಇತ್ತು. ಮನೆಗೆ ಬಂದು ಅವಲಕ್ಕಿ ತಿಂದೆ. ಗುರುವಾರ ಹೋಯಿತು. ಆಮೇಲೆ ಹೇಳಿ ಪ್ರಯೋಜನವಿಲ್ಲ ಎಂದು ಡಬ್ಬಿಯ ಕಡೆ ನೋಡುವುದನ್ನೇ ಬಿಟ್ಟೆ. ಮುನಿರಾಜಣ್ಣ ಮಾತ್ರ ಬರುತ್ತಿದ್ದರು. ಮೂರನೇ ಜೋಡಿ ಆಯಿತು, ನಾಲ್ಕನೇದನ್ನು ಕಟ್ಟಿಸಿಕೊಂಡು ಹೋದರು. ಅಪ್ಪ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರ ಕಥೆ ಹೇಳುತ್ತಿದ್ದರು. ನಾಲ್ಕನೇ ಕ್ಲಾಸು ಓದಿದ ಮನುಷ್ಯ ಕಣ್ರೀ, ನೋಡಿ, ಎಂದು. ಆಮೇಲೆ ಎರಡು ಭಾನುವಾರ ಅವರು ಬರಲಿಲ್ಲ, ಮೂರನೆಯದಕ್ಕೂ ಬರಲಿಲ್ಲ. ಅಪ್ಪ ಬಾಗಿಲಿಗೂ ಬೀದಿಗೂ ಓಡಾಡಿದರು.

ಡಬ್ಬಿ ತೆಗೆದವಳು ಅಮ್ಮ. ಅವಳಿಗೆ ಹುಕ್ಕು, ಗುಂಡಿ ಹಾಕಿಡಲು ಒಂದು ಡಬ್ಬಿ ಬೇಕಾಗಿತ್ತು. ಈ ಕಸಕ್ಕೆ ಅಷ್ಟು ಒಳ್ಳೆ ಡಬ್ಬಿಯಾ ಎಂದು ಗೊಣಗುತ್ತ ಚಾಪೆಯ ಮೇಲೆ ಸುರಿದಳು. ಇನ್ನೊಬ್ಬರ ಎಲೆ, ಕೈ, ಇವೆಲ್ಲ ಅಮ್ಮನಿಗೆ ಅನ್ವಯಿಸುತ್ತಿರಲಿಲ್ಲ. ಒಂದೊಂದನ್ನೂ ಬಿಡಿಸಿ ಓದಿ ಪಕ್ಕಕ್ಕಿಟ್ಟಳು. ಆ ಕಾಗದ ಬಂದಾಗ ಎರಡು ಸಲ ಓದಿದಳು. ಕನ್ನಡಕ ತೆಗೆದಳು.

"ರೀ, ಬನ್ನಿ ಇಲ್ಲಿ. ಇದೇನ್ರೀ ಇದು? ಆ ಮನುಷ್ಯ ಜಮೀನು ಹೋಗ್ತಿದೆ ಅಂತ ನಿಮ್ಮ ಹತ್ರ ಓಡಿ ಬಂದ್ರೆ, ನೀವು ಇಂಗ್ಲೆಂಡಿನ ಕಥೆ ಹೇಳಿ ಕಳಿಸಿದ್ದೀರಲ್ರೀ!"

ಅಪ್ಪ ಕಾಗದ ತೆಗೆದುಕೊಂಡು ಓದಿದರು. ಕ್ಯಾಲೆಂಡರಿನ ಕಡೆ ತಿರುಗಿ ನೋಡಿದರು, ಅಲ್ಲಿ ಆಗಲೇ ಎರಡು ಹಾಳೆ ಹರಿದು ಹೋಗಿತ್ತು. ಅವರ ತುಟಿ ಏನೋ ಎಣಿಸುತ್ತಿತ್ತು.

"ಅವರು ಹೇಳಲಿಲ್ಲ," ಎಂದರು.

"ಹೇಳೋಕೆ ಬಿಟ್ರಾ ನೀವು? ನಾನು ಪರದೆ ಹಿಂದೇನೇ ಇದ್ದೆ, ಕೇಳಿಸ್ಕೊಂಡಿದ್ದೀನಿ. ಒಂದು ಬ್ಲೌಸ್ ಹೊಲಿಯೋಕೂ ಯಾವತ್ತಿಗೆ ಬೇಕು ಅಂತ ಕೇಳ್ತೀನ್ರೀ ನಾನು. ಒಂದು ಬ್ಲೌಸ್‌ಗೆ!"

"ಈಗಲೇ ಹೋಗಿ ಬರ್ತೀನಿ. ಏನಾದ್ರೂ ಬರೆದು ಕೊಡೋಣ."

"ಹೋಗಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು." ಆಮೇಲೆ ನನ್ನ ಕಡೆ ತಿರುಗಿದಳು. "ಡಬ್ಬಿಗೆ ಹಾಕಿದವಳು ನೀನೇ ತಾನೇ? ಓದಿದ್ಯಾ ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು. "ಅವಳು ಓದಲ್ಲ. ಇನ್ನೊಬ್ಬರ ಕಾಗದ ಅವಳು ಮುಟ್ಟಲ್ಲ, ನಾನು ಕಲಿಸಿದ್ದೀನಿ." ಅಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಚೂರು ಹೆಮ್ಮೆ ಇತ್ತು. ನಾನು ಹೌದೆಂದು ತಲೆಯಾಡಿಸಿದೆ.

ಒಬ್ಬರೇ ಹೋದರೆ ಅಲ್ಲೂ ಕೂತು ಪಾಠ ಶುರು ಮಾಡುತ್ತಾರೆ ಎಂದು ಅಮ್ಮ ನನ್ನನ್ನು ಜೊತೆಗೆ ಕಳಿಸಿದಳು. ಹಲಸೂರಿನಲ್ಲಿ ಬಸ್ಸು ಹತ್ತಿ, ಕೆ.ಆರ್. ಪುರಂನಲ್ಲಿ ಇಳಿದು, ಅಲ್ಲಿಂದ ಬಿಸಿಲಿನಲ್ಲಿ ನಡೆದೆವು. ಹಳ್ಳಿಯ ಆಚೆ ಮುನಿರಾಜಣ್ಣನ ಹೊಲ. ಸುಣ್ಣ ಬಳಿದ ಕಲ್ಲುಗಳನ್ನು ಅಡ್ಡಡ್ಡ ಉದ್ದುದ್ದ ನೆಟ್ಟಿದ್ದರು. ಒಂದು ಕಲ್ಲು ಕೊತ್ತಂಬರಿ ಮಡಿಯ ನಡುಮಧ್ಯೆಯೇ ನಿಂತಿತ್ತು. ಮುನಿರಾಜಣ್ಣ ಆ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವರು ನಮ್ಮನ್ನು ಕಂಡು ಎದ್ದು, ಕೈಯ ಮಣ್ಣು ಒರೆಸಿಕೊಂಡು ಓಡಿ ಬಂದರು.

"ಬನ್ನಿ ಸಾರ್, ಬನ್ನಿ. ಅಯ್ಯೋ, ಅಮ್ಮಣ್ಣೀನೂ ಬಂದವ್ಳೆ! ಪುಸ್ತಕ ಕೊಡೋದು ತಡ ಆಯ್ತು ಅಂತ ಬಂದ್ರಾ? ಓದಿ ಆಯ್ತು ಸಾರ್, ಕಟ್ಟಿ ಮಡಗಿವ್ನಿ."

ಅಪ್ಪ ಕಾಗದವನ್ನು ಅವರ ಕೈಗೆ ಕೊಟ್ಟರು. "ಇದು ನಮ್ಮನೇಲೇ ಇತ್ತು ಮುನಿರಾಜಣ್ಣ. ನಿಮ್ಮ ಪುಸ್ತಕದಲ್ಲಿ ಸಿಕ್ಕಿದ್ದು. ನಾವು ಯಾರೂ ಓದಲಿಲ್ಲ. ನನ್ನಿಂದ ತಪ್ಪಾಯ್ತು."

"ಅಲ್ಲಿತ್ತಾ? ನಾನು ಮನೆಯೆಲ್ಲ ಹುಡುಕಿ ಹೆಂಡ್ತಿಗೆ ಬೈದಿದ್ದೇ ಬೈದಿದ್ದು." ಅವರು ಅದನ್ನು ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು. "ನಿಮ್ದೇನು ತಪ್ಪು ಸಾರ್. ನಮ್ಮ ದಾಯಾದಿಗಳು ಲಾಯರ್ ಹಿಡಿದು ತಕರಾರು ಬರೆಸಿದ್ರು, ನನ್ನೂ ಕರೆದ್ರು. ನಾನೇ ಬರಲ್ಲ ಅಂದೆ. ಅರ್ಧ ತಿಳ್ಕೊಂಡು ಬಾಯಿ ಬಿಡಬಾರದು ಅಂತ ನಮ್ ಸಾರ್ ಹೇಳವ್ರೆ, ಪೂರ್ತಿ ಓದಿ ನಾನೇ ನನ್ ಕೈಯಾರೆ ಬರೀತೀನಿ ಅಂದೆ. ಕಲ್ಲು ನೆಟ್ಟ ಮೇಲೆ ದಿನದ ಲೆಕ್ಕ ಶುರುವಾಗ್ತದೆ ಅಂತ ಅಂದ್ಕೊಂಡಿದ್ದೆ."

ಅವರು ಮನೆಯೊಳಗೆ ಹೋಗಿ ಪುಸ್ತಕದ ಜೋಡಿಯ ಜೊತೆ ಒಂದು ಉದ್ದನೆಯ ನೋಟ್‌ಬುಕ್ ತಂದರು. ಅದೇ ಅವರ ತಕರಾರು. ದಪ್ಪ ದಪ್ಪ ಅಕ್ಷರದಲ್ಲಿ ಹದಿನಾರು ಪುಟ. ಅವರಜ್ಜ ಕಲ್ಲು ಮುಳ್ಳು ತೆಗೆದು 'ಕಾಡು ಕಡಿದದ್ದು' ಎಂಬಲ್ಲಿಂದ ಶುರುವಾಗಿ, ರಾಜರ ಕಂದಾಯ, ಬ್ರಿಟಿಷರ ಸರ್ವೆ, ಎಲ್ಲ ಇತ್ತು. ಭೂಮಿ ಕೊಡುವುದಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಕೇಳುವ ಹಕ್ಕು ನಿಮಗೆ ಹೇಗೆ ಬಂತು ತಿಳಿಸಿ, ತಿಳಿಸಿದ ಮೇಲೆ ಮಾತಾಡೋಣ ಎಂದು ಬರೆದಿದ್ದರು. ಅಪ್ಪ ಬಿಸಿಲಿನಲ್ಲಿ ನಿಂತೇ ಹದಿನಾರು ಪುಟವನ್ನೂ ಓದಿದರು. ಮಜ್ಜಿಗೆ ಬಂತು, ಅವರು ಮುಟ್ಟಲಿಲ್ಲ. ಅವರು ದಾರಿ ಬರೆದುಕೊಟ್ಟ ಅಷ್ಟು ಜನರಲ್ಲಿ ಯಾರೂ ಇಂಥದ್ದು ಬರೆದಿರಲಿಲ್ಲ.

"ಇದನ್ನ ಕೊಟ್ರಾ?" ಎಂದರು ಅಪ್ಪ.

"ತಗೊಂಡೋದೆ ಸಾರ್. ತಗೊಳ್ಳಲಿಲ್ಲ. ಟೈಮ್ ಆಗೋಯ್ತಂತೆ. ಹೋಗ್ಲಿ, ದಾಯಾದಿಗಳು ಟೈಮಿಗೆ ಕೊಟ್ಟವ್ರು, ಅವರ್ದೂ ಹೋಯ್ತು. ಭೂಮಿ ಉಳೀತದೆ ಅಂತ ನಾನೇನೂ ಅಂದ್ಕೊಂಡಿರಲಿಲ್ಲ. ಆದ್ರೆ ಅವರನ್ನ ಆಫೀಸಲ್ಲಿ ಕುರ್ಚಿ ಹಾಕಿ ಕೂರಿಸಿ ಏನು ನಿಮ್ಮ ಮಾತು ಅಂತ ಕೇಳಿದ್ರಂತೆ, ಬರ್ಕೊಂಡ್ರಂತೆ. ನನ್ನ ಹೆಸರಿನ ಮುಂದೆ ಏನು ಬರ್ದವ್ರೆ ಗೊತ್ತಾ ಸಾರ್? ನಾನೇ ನೋಡ್ದೆ. ಆಕ್ಷೇಪಣೆ ಇಲ್ಲ ಅಂತ ಬರ್ದವ್ರೆ."

ಅಷ್ಟು ಹೊತ್ತು ನಗುನಗುತ್ತ ಮಾತಾಡಿದವರು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

"ಮೊಮ್ಮಕ್ಕಳು ನಾಳೆ ಅದನ್ನ ಓದ್ತವೆ ಸಾರ್. ನಮ್ಮಜ್ಜ ಒಂದು ಮಾತೂ ಆಡದೆ ಕೊಟ್ಬಿಟ್ಟ ಅಂತವೆ. ಅದನ್ನ ಅಳಿಸ್ಬೇಕಂದ್ರೆ ಏನು ಓದ್ಬೇಕು ಸಾರ್, ಹೇಳಿ. ಎಷ್ಟು ದಪ್ಪ ಇದ್ರೂ ಓದ್ತೀನಿ."

ನಾನು ಅಪ್ಪನ ಮುಖ ನೋಡುತ್ತಿದ್ದೆ. ಏನಾದರೂ ಹೇಳಿ ಅಪ್ಪಾ, ಯಾವುದಾದರೂ ಒಂದು ಪುಸ್ತಕದ ಹೆಸರು ಹೇಳಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ. ಅವರು ನೋಟ್‌ಬುಕ್ಕನ್ನು ಮುನಿರಾಜಣ್ಣನ ತೊಡೆಯ ಮೇಲೆ ಇಟ್ಟು, "ಗೊತ್ತಿಲ್ಲ ಮುನಿರಾಜಣ್ಣ" ಎಂದರು.

ವಾಪಸ್ಸು ಬರುವಾಗ ಬಸ್ಸು ಖಾಲಿ ಇತ್ತು. ಪುಸ್ತಕದ ಜೋಡಿ ಅಪ್ಪನ ಮಡಿಲಲ್ಲಿತ್ತು. ಬೈಯಪ್ಪನಹಳ್ಳಿ ದಾಟಿದ ಮೇಲೆ ನನಗೆ ತಡೆಯಲು ಆಗಲಿಲ್ಲ.

"ಅಪ್ಪಾ, ನಾನು ಓದಿದ್ದೆ. ಆವತ್ತೇ ಓದಿದ್ದೆ. ಆಗ ಇನ್ನೂ ಹನ್ನೊಂದು ದಿನ ಇತ್ತು."

ಅಪ್ಪ ಕಿಟಕಿಯಾಚೆ ನೋಡುತ್ತಲೇ ಇದ್ದರು. ಇನ್ನು ಮುಗಿಯಿತು, ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಎರಡು ಸ್ಟಾಪು ಹೋಯಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು. ಅವರ ಕಣ್ಣು ಕೆಂಪಾಗಿತ್ತು.

"ಅಮ್ಮನಿಗೆ ಹೇಳ್ಬೇಡ," ಎಂದರು.

ನಾನು ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ, ಮನೆಯಲ್ಲಿ ಏನೇ ಎಡವಟ್ಟಾಗಲಿ, ಗ್ಯಾಸ್ ಬುಕ್ ಮಾಡುವುದು ಮರೆತರೂ ಸರಿ, ನನ್ನ ಫೀಸು ಕಟ್ಟುವುದು ಮರೆತರೂ ಸರಿ, "ಆ ರೈತನ ಕಾಗದವನ್ನ ಡಬ್ಬೀಲಿಟ್ಟು ಕೊಳೆಸಿದವರಲ್ವಾ ನೀವು" ಎಂದು ಊಟದ ಹೊತ್ತಿಗೆ ಅಮ್ಮ ಚುಚ್ಚುತ್ತಿದ್ದಳು. ಅಪ್ಪ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದರು. ಅವರ ಪಕ್ಕದ ತಟ್ಟೆಯಲ್ಲಿ ನಾನೂ ಊಟ ಮಾಡುತ್ತಿದ್ದೆ.